ಹುಣಸೆಹಣ್ಣಿಗೆ ಬೆಲೆ ಬರುವುದು ಎಲ್ಲಿಂದ?



ಕ್ಯಾತಗಾನಚೆರ್ಲಿನಿಂದ ಹಿಡಿದು ಮಧುಗಿರಿ, ಶಿರಾ, ಕೊರಟಗೆರೆಯ ತನಕ ನಮ್ಮ ಸೀಮೆಯಲ್ಲಿ ಬದುವಿನ ಮೇಲೆ, ಹಿತ್ತಿಲಲ್ಲಿ ಹುಣಸೆಮರ ಉಂಟು. ಮಳೆ ಕೈಕೊಟ್ಟು ಕಡಲೆಕಾಯಿ ಹೋದ ವರ್ಷವೂ ಅದು ನಾಲ್ಕು ಕಾಸು ತಂದುಕೊಡುತ್ತದೆ. ಅದು ನಮ್ಮನ್ನು ನೀರು ಕೇಳುವುದಿಲ್ಲ, ಗೊಬ್ಬರ ಕೇಳುವುದಿಲ್ಲ. ಅದಕ್ಕೇ ಇರಬೇಕು, ಅದನ್ನು ಮಾರುವ ವಿಷಯವಾಗಿ ನಾವೂ ಹೆಚ್ಚು ಕೇಳಲು ಹೋಗುವುದಿಲ್ಲ. ಕಾಯಿ ಬಲಿಯುವ ಮುಂಚೆಯೇ ಗುತ್ತಿಗೆಯವನು ಬರುತ್ತಾನೆ. ಬುಡದಲ್ಲಿ ನಿಂತು ಕತ್ತೆತ್ತಿ ನೋಡಿ, "ಈ ಮರಕ್ಕೆ ಇಷ್ಟು ಕೊಡ್ತೀನಿ" ಅಂತಾನೆ. ಮನೆಯಲ್ಲಿ ಕೈ ಬಿಗಿಯಾಗಿರುತ್ತದೆ. "ಆಗಲಿ ಬಿಡಪ್ಪ" ಅಂತೀವಿ. ಮಾರಾಟ ಅಲ್ಲಿಗೇ ಮುಗಿಯಿತು.

ಇದು ಮಾರಾಟವೇನೋ ಹೌದು. ಆದರೆ ಈಗ ಎಲ್ಲರೂ ಮಾರ್ಕೆಟಿಂಗ್ ಅನ್ನುತ್ತಾರಲ್ಲ, ಅದು ಇದಲ್ಲ. ಅದು ಶುರುವಾಗುವುದು ಮರದ ಬುಡದಲ್ಲಲ್ಲ, ಕೊಳ್ಳುವವರ ಅಡುಗೆಮನೆಯಲ್ಲಿ.

ಬೆಂಗಳೂರಿನ ಒಬ್ಬ ಗೃಹಿಣಿಯನ್ನು ನೆನೆಸಿಕೊಳ್ಳಿ. ಸಾರಿಗೆ ಹುಣಸೆಹಣ್ಣು ನೆನೆಹಾಕುತ್ತಾಳೆ. ಹಿಂಡಿದರೆ ಕೈಗೆ ಬೀಜ, ನಾರು, ಚಿಪ್ಪಿನ ಚೂರು. ಬಟ್ಟಲ ತಳದಲ್ಲಿ ಮಣ್ಣು. ಆಕೆ ಕಾಸು ಕೊಟ್ಟದ್ದು ಹುಳಿಗೆ, ಮಣ್ಣಿಗಲ್ಲ. ಮುಂದಿನ ಸಲ ಅಂಗಡಿಯವನಿಗೆ, "ಆ ಹಣ್ಣು ಬೇಡ, ಬೇರೆ ಕೊಡಿ" ಅನ್ನುತ್ತಾಳೆ. ಅಂಗಡಿಯವನು ಮಂಡಿಯವನಿಗೆ ಅದನ್ನೇ ಹೇಳುತ್ತಾನೆ. ಮಂಡಿಯವನು ನಿಮ್ಮ ಮೂಟೆಯ ಬಾಯಿ ಬಿಚ್ಚಿ ಮೂಗು ಮುರಿಯುತ್ತಾನೆ. ನಿಮ್ಮ ಧಾರಣೆ ಬಿದ್ದದ್ದು ಹೀಗೆ. ಹೋಟೆಲಿನವರಿಗೆ ಬೇಕಾದದ್ದು ಕಿಲೋಗೆ ಹೆಚ್ಚು ರಸ. ಪುಳಿಯೋಗರೆ ಗೊಜ್ಜು ಮಾಡುವವರಿಗೆ ಪ್ರತಿ ಸಲವೂ ಒಂದೇ ಬಣ್ಣ, ಒಂದೇ ಹುಳಿ ಬೇಕು. ಹಣ್ಣು ಒಂದೇ, ಬೇಡಿಕೆ ಬೇರೆ ಬೇರೆ. ಯಾರ ಯಾವ ತೊಂದರೆಯನ್ನು ನೀವು ಮೊದಲೇ ತಪ್ಪಿಸಿ ಕೊಡುತ್ತೀರೋ, ಆ ತೊಂದರೆಗೆ ತಕ್ಕ ಹಣ ಅವರು ಕೊಟ್ಟಾರು.

ಹಾಗಾದರೆ ಏನು ಮಾಡಬೇಕು? ಕಾಯಿ ಪೂರ್ತಿ ಬಲಿತು, ಚಿಪ್ಪು ತಿರುಳು ಬಿಟ್ಟು ಪೊಳ್ಳು ಸದ್ದು ಮಾಡುವ ತನಕ ಕಾಯಿರಿ. ಬಡಿಯುವಾಗ ಮರದ ಕೆಳಗೆ ಟಾರ್ಪಾಲು ಹಾಸಿ. ಇಷ್ಟಕ್ಕೇ ಅರ್ಧ ಮಣ್ಣು ತಪ್ಪಿತು. ಹಣ್ಣನ್ನು ಕಬ್ಬಿಣದ ಪಾತ್ರೆಯಲ್ಲಿ ಇಡಬೇಡಿ. ಹುಳಿಗೂ ಕಬ್ಬಿಣಕ್ಕೂ ಆಗದು, ಬಣ್ಣ ಕಪ್ಪಿಡುತ್ತದೆ. ಚಿಪ್ಪು, ನಾರು, ಬೀಜ ತೆಗೆದ ಮೇಲೆ ಬಿಸಿಲಿಗೆ ಹದವಾಗಿ ಆರಿಸಿ. ಕೆಂಪಗಿನ ಹಣ್ಣನ್ನೂ ಕಪ್ಪಾದದ್ದನ್ನೂ ಬೇರೆ ಬೇರೆ ಮೂಟೆಗೆ ಹಾಕಿ. ಎರಡನ್ನೂ ಕಲಸಿದರೆ ಕೆಂಪು ಹಣ್ಣಿಗೂ ಕಪ್ಪು ಹಣ್ಣಿನ ಬೆಲೆಯೇ. ತೂಕ ಬರಲೆಂದು ನೀರು ಚಿಮುಕಿಸುವವರೂ ಇದ್ದಾರೆ. ಬೂಷ್ಟು ಬಂದ ಒಂದು ಮೂಟೆ ಇಡೀ ಊರಿನ ಹೆಸರು ಕೆಡಿಸುತ್ತದೆ. ಆಮೇಲೆ ಒಳ್ಳೆಯ ಹಣ್ಣು ತಂದವನನ್ನೂ ಅನುಮಾನದಿಂದಲೇ ನೋಡುತ್ತಾರೆ.

ಇನ್ನು ಲೆಕ್ಕಕ್ಕೆ ಬರೋಣ. ಇಲ್ಲೇ ಬಹಳ ಜನ ಎಡವುವುದು. ಸುಮಾರಾಗಿ 100 ಕಿಲೋ ಇಡೀ ಕಾಯಿಯಲ್ಲಿ 55 ಕಿಲೋ ತಿರುಳು, 34 ಕಿಲೋ ಬೀಜ, 11 ಕಿಲೋ ಚಿಪ್ಪು ಮತ್ತು ನಾರು. ಈಗ ಹೇಳುವ ದರಗಳು ಲೆಕ್ಕ ತಿಳಿಯಲು ಮಾತ್ರ, ಪೇಟೆಯ ಧಾರಣೆಯಲ್ಲ. ಇಡೀ ಕಾಯಿ ಕಿಲೋಗೆ 40 ರೂಪಾಯಿ ಆದರೆ 4,000 ಬಂತು. ಬಿಡಿಸಿದ ಹಣ್ಣು 110ರಂತೆ 6,050, ಬೀಜ 10ರಂತೆ 340, ಒಟ್ಟು 6,390. ಹೆಚ್ಚಿಗೆ ಬಂದದ್ದು 2,390. "ಲಾಭವೇ ಲಾಭ" ಅಂತೀರಿ. ಸ್ವಲ್ಪ ತಾಳಿ. ಕುಟ್ಟಿ ಬಿಡಿಸಲು ನಾಲ್ಕು ಆಳು, ಆಳಿಗೆ 400ರಂತೆ 1,600 ಹೋಯಿತು. ಮಿಕ್ಕಿದ್ದು 790. ಅದೇ ಬಿಡಿಸಿದ ಹಣ್ಣನ್ನು 90ಕ್ಕೆ ಕೇಳಿದರೆ? ಬೀಜವೂ ಸೇರಿ 5,290. ಹೆಚ್ಚಿಗೆ ಬಂದದ್ದು 1,290, ಕೂಲಿ 1,600. ಕೈಯಿಂದ 310 ಹೋಯಿತು!

"ಬಿಡಿಸೋರು ನಮ್ಮ ಮನೆ ಹೆಣ್ಣುಮಕ್ಕಳೇ, ಕೂಲಿ ಎಲ್ಲಿಂದ ಬಂತು?" ಅನ್ನಬೇಡಿ ಸ್ವಾಮಿ. ಸೊಂಟ ಬಗ್ಗಿಸಿ ದಿನವೆಲ್ಲಾ ಕುಟ್ಟುವ ಅತ್ತೆ, ಸೊಸೆ, ಮಗಳ ದುಡಿಮೆಯನ್ನು ಲೆಕ್ಕಕ್ಕೆ ಬರೆಯದಿದ್ದರೆ ನಷ್ಟವೂ ಲಾಭದ ಹಾಗೆ ಕಾಣುತ್ತದೆ. ಕೂಲಿಯನ್ನು ಬರೆಯಿರಿ. ಸಾಧ್ಯವಾದರೆ ಆ ಕಾಸನ್ನು ಅವರ ಕೈಗೇ ಕೊಡಿ.

ಆದ್ದರಿಂದ ಬಿಡಿಸುವ ಮೊದಲು ಕೊಳ್ಳುವವರನ್ನು ಕಂಡು ಬನ್ನಿ. ತುಮಕೂರು ದೊಡ್ಡ ಹುಣಸೆ ಪೇಟೆ. ಪಾವಗಡದ ಕಡೆಯವರಿಗೆ ಆಂಧ್ರದ ಹಿಂದೂಪುರದ ಪೇಟೆಯೂ ಉಂಟು. ನಮ್ಮವರಿಗೆ ತೆಲುಗು ಬರುತ್ತದೆ, ವ್ಯಾಪಾರಕ್ಕೆ ಅದೂ ಒಂದು ಬಂಡವಾಳವೇ. ಎರಡು ಕಡೆಯೂ ಇಡೀ ಕಾಯಿಗೆ ಎಷ್ಟು, ಬಿಡಿಸಿದ್ದಕ್ಕೆ ಎಷ್ಟು, ಕೆಂಪಿಗೂ ಕಪ್ಪಿಗೂ ಅಂತರ ಎಷ್ಟು ಅಂತ ಕೇಳಿ ಬರೆದುಕೊಳ್ಳಿ. ಬೀಜವನ್ನೂ ಹೊಲದಲ್ಲಿ ಚೆಲ್ಲಬೇಡಿ. ಅದರ ಪುಡಿ ಬಟ್ಟೆ ಗಿರಣಿಗಳಲ್ಲಿ ನೂಲಿಗೆ ಗಂಜಿ ಹಾಕಲು ಬೇಕಾಗುತ್ತದೆ.

ವ್ಯಾಪಾರಿಯನ್ನು ಬೈಯುವುದು ಸುಲಭ. ಆದರೆ ಆತ ಮುಂಗಡ ಕೊಡುತ್ತಾನೆ, ಮರ ಹತ್ತಿಸುತ್ತಾನೆ, ಲಾರಿ ತರುತ್ತಾನೆ, ಬಣ್ಣ ಕೆಡದಂತೆ ಶೀತಲ ಮನೆಯಲ್ಲಿ ಇಡುತ್ತಾನೆ. ಅವನನ್ನು ಬಿಟ್ಟರೆ ಆ ಕೆಲಸವೆಲ್ಲ ನಿಮ್ಮ ಹೆಗಲಿಗೆ ಬಂತು. ಒಬ್ಬರಿಂದ ಆಗದು. ಹತ್ತು ಮನೆಯವರು ಕೂಡಿ ಒಂದು ಲಾರಿ ತುಂಬಿಸಿದರೆ ಆದೀತು.

ತುಮಕೂರಿನ ಎಪಿಎಂಸಿಗೆ ಒಯ್ದರೆ ಎರಡು ಮಾತು ನೆನಪಿರಲಿ. ನಮ್ಮ ರಾಜ್ಯದ ಮಾರುಕಟ್ಟೆಗಳಿಗೆ 2014ರಿಂದ ಕಂಪ್ಯೂಟರ್ ಮೂಲಕ ಟೆಂಡರ್ ಬಂದಿದೆ. ಅದರಲ್ಲಿ ಬಂದ ಬೆಲೆ ಒಪ್ಪಿಗೆಯಾಗದಿದ್ದರೆ ಬೇಡವೆನ್ನುವ ಹಕ್ಕು ನಿಮಗಿದೆ. ಮತ್ತೆ, ದಲಾಲಿ ಕೊಡಬೇಕಾದವನು ಕೊಳ್ಳುವವನು, ಮಾರುವ ರೈತನಲ್ಲ. ಬಿಳಿ ಚೀಟಿಯಲ್ಲಿ ದಲಾಲಿ ಮುರಿದುಕೊಟ್ಟರೆ ಒಪ್ಪಬೇಡಿ. ಸರಿಯಾದ ರಸೀದಿ ಕೇಳಿ, ಕೊಡದಿದ್ದರೆ ಮಾರುಕಟ್ಟೆ ಸಮಿತಿಯ ಕಚೇರಿಗೆ ಹೋಗಿ ಹೇಳಿ.

ಸಂಕ್ರಾಂತಿ ಹತ್ತಿರ ಬಂದಾಗ ಗುತ್ತಿಗೆಯವನು ಮತ್ತೆ ಬರುತ್ತಾನೆ. ಈ ಸಲ ಒಂದು ಮರವನ್ನಾದರೂ ಅವನಿಗೆ ಕೊಡದೆ ಉಳಿಸಿಕೊಳ್ಳಿ. ಅದರ ಹಣ್ಣನ್ನು ನಾನು ಹೇಳಿದಂತೆ ಬಿಡಿಸಿ, ಬೇರೆ ಮಾಡಿ, ಮಾರಿ ನೋಡಿ. ಎರಡೂ ಲೆಕ್ಕವನ್ನು ಒಂದೇ ಹಾಳೆಯ ಮೇಲೆ ಮಗನ ಕೈಲೋ ಮಗಳ ಕೈಲೋ ಬರೆಸಿಡಿ.