ಬಯಲುಸೀಮೆಯ ಯುಗಾದಿ

ಚೈತ್ರ ಬಂತೆಂದರೆ ಕೋಗಿಲೆ, ಮಾಂದಳಿರು, ಮಂದಮಾರುತ ಎಂದು ವರ್ಣಿಸುವುದು ವಾಡಿಕೆ. ಆದರೆ ಯುಗಾದಿಯ ವೇಳೆಗೆ ಕಡೂರಿನಿಂದ ಅಜ್ಜಂಪುರದ ಕಡೆಗೆ ಹೊರಟವರ ಕಣ್ಣಿಗೆ ಮೊದಲು ಬೀಳುವುದು ಬಿರುಬಿಸಿಲು, ಬರಿಯ ಹೊಲ, ತಗ್ಗಿದ ಕೆರೆ. ಇಂಥ ಹೊತ್ತಿನಲ್ಲಿ ವಸಂತವನ್ನು ಸ್ವಾಗತಿಸುವುದೆಂದರೇನು?

ತರೀಕೆರೆಯ ಪಶ್ಚಿಮಕ್ಕೆ ಕಾಡುಂಟು, ಲಕ್ಕವಳ್ಳಿಯಲ್ಲಿ ಭದ್ರೆಯ ಅಣೆಕಟ್ಟುಂಟು. ಕಡೂರು, ಅಜ್ಜಂಪುರಗಳಾದರೋ ಬೆಟ್ಟಸಾಲಿನ ಮಳೆನೆರಳಿನಲ್ಲಿವೆ. ನೈಋತ್ಯ ಮಾರುತ ತಂದ ಮೋಡ ಬಹುಮಟ್ಟಿಗೆ ಬೆಟ್ಟದಾಚೆಗೇ ಬರಿದಾಗುತ್ತದೆ. ಭದ್ರೆಯ ನೀರನ್ನು ಪೂರ್ವಕ್ಕೆ ಒಯ್ಯಲು ಅಜ್ಜಂಪುರದ ಬಳಿ ಸುರಂಗ ಕೊರೆದದ್ದಾಗಿದೆ; ಆದರೂ ಬೆದ್ದಲು ಬೇಸಾಯಗಾರನ ಕಣ್ಣು ಮುಗಿಲ ಮೇಲೆಯೇ. ಅವನಿಗೆ ಯುಗಾದಿ ಮಳೆಗೆ ಮುಂಚಿನ ಹಬ್ಬ.

ಪಂಚಾಂಗಶ್ರವಣದಲ್ಲಿ ಜನ ಕಿವಿ ನಿಮಿರಿಸುವುದು ಮಳೆಬೆಳೆಯ ಫಲಕ್ಕೆ. ಯುಗಾದಿ ಚಂದ್ರನ ಲೆಕ್ಕದ್ದು: 2025ರಲ್ಲಿ ಮಾರ್ಚ್ 30ಕ್ಕೆ, 2026ರಲ್ಲಿ ಮಾರ್ಚ್ 19ಕ್ಕೆ. ಮಳೆನಕ್ಷತ್ರಗಳು ಸೂರ್ಯನ ಲೆಕ್ಕದವು: ಅಶ್ವಿನಿ ಏಪ್ರಿಲ್ ನಡುವಿಗೆ, ಭರಣಿ ಆ ತಿಂಗಳ ಕೊನೆಗೆ. ಹೀಗಾಗಿ ಹಬ್ಬಕ್ಕೂ ಭರಣಿಗೂ ನಡುವಣ ಅಂತರ ಒಂದು ವರ್ಷ ಕಿರಿದು, ಒಂದು ವರ್ಷ ಹಿರಿದು.

ಆ ಅಂತರವನ್ನು ನಮ್ಮ ಹಿರಿಯರು ದುಡಿಮೆಯಿಂದ ತುಂಬಿದರು. ಹಳೆಯ ಮೈಸೂರು ಸೀಮೆಯ ಎಷ್ಟೋ ಊರುಗಳಲ್ಲಿ ಹೊನ್ನಾರು ಹೂಡುವ ಪದ್ಧತಿ ಉಂಟು. ಎತ್ತುಗಳ ಮೈ ತೊಳೆದು, ಕೊಂಬು ಸಿಂಗರಿಸಿ, ನೇಗಿಲನ್ನು ಪೂಜಿಸಿ, ವರ್ಷದ ಮೊದಲ ಸಾಲನ್ನು ಎಳೆಯುವರು. ಮಳೆ ಬಂದ ಮೇಲೆ ಉತ್ತರಾಯಿತು ಎಂದು ಕೈಕಟ್ಟಿ ಕೂರುವುದಿಲ್ಲ. ಮೈಸೂರು ಸಂಸ್ಥಾನದ ಫಿರಂಗಿಗಳನ್ನು ಎಳೆದ ಅಮೃತಮಹಲ್ ತಳಿಯನ್ನು ಸಾಕಿ ಸಲಹಿದ ಅಜ್ಜಂಪುರದ ಸೀಮೆಗೆ ಎತ್ತಿನ ಗೌರವವನ್ನು ಬೇರೆ ಹೇಳಿಕೊಡಬೇಕಾಗಿಲ್ಲ. ಇಂದು ಟ್ರ್ಯಾಕ್ಟರು ಬಂದಿದೆ. ಹೊನ್ನಾರಿನ ತಾತ್ಪರ್ಯ ಹಳತಾಗಿಲ್ಲ.

ಬದುವಿನ ಹೊಂಗೆಬೇವುಗಳನ್ನು ನೋಡಿರಿ. ಬೇಸಗೆ ಮೊದಲಾಗುತ್ತಲೇ ಹಳೆಯ ಎಲೆ ಉದುರಿಸಿ ನೀರಿನ ವೆಚ್ಚ ತಗ್ಗಿಸುತ್ತವೆ. ಆಳಕ್ಕಿಳಿದ ಬೇರಿನ ಬಲದಿಂದ, ಒಂದು ಹನಿ ಬೀಳುವ ಮೊದಲೇ ಚಿಗುರುತ್ತವೆ. ಮಳೆ ಇಳಿಯುವ ಹೊತ್ತಿಗೆ ಅವುಗಳ ಎಲೆ ಕೆಲಸಕ್ಕೆ ಸಿದ್ಧ.

ನಾವೂ ಹಾಗೆ ಸಿದ್ಧರಾಗಬೇಡವೆ? ಕೆರೆಯ ಹೂಳೆತ್ತಲು, ಅದನ್ನು ಹೊಲಕ್ಕೆ ಹೊಡೆಯಲು, ಕೆರೆಗೆ ನೀರು ತರುವ ಕಾಲುವೆಯ ಒತ್ತುವರಿ ಬಿಡಿಸಲು ಯುಗಾದಿಯಿಂದ ಭರಣಿಯವರೆಗಿನ ಈ ವಾರಗಳಿಗಿಂತ ಒಳ್ಳೆಯ ಕಾಲವಿಲ್ಲ. ಕಾಲುವೆ ಮುಚ್ಚಿದ್ದರೆ ಭರಣಿ ಸುರಿದೂ ಕೆರೆ ತುಂಬದು. ಬೇವುಬೆಲ್ಲವನ್ನು ಮನೆಮಂದಿ ಹಂಚಿಕೊಂಡು ತಿನ್ನುವ ಹಾಗೆ, ಕೆರೆಯ ಕೆಲಸವನ್ನು ಊರಮಂದಿ ಹಂಚಿಕೊಂಡರೆ ಹಬ್ಬ ಸಾರ್ಥಕ.