ದೇವಮಾತೆ ಮರಿಯಮ್ಮ

ಉತ್ತರ ಕೊಡಗಿನ ಶನಿವಾರಸಂತೆಗೆ ಆ ಹೆಸರು ಬಂದುದು ಅಲ್ಲಿಯ ವಾರದ ಸಂತೆಯಿಂದ. ಕ್ರೈಸ್ತರಿಗೂ ಶನಿವಾರದಲ್ಲಿ ಒಂದು ವಿಶೇಷವುಂಟು. ಶುಕ್ರವಾರವು ಶಿಲುಬೆಯ ದಿನ, ಭಾನುವಾರವು ಪುನರುತ್ಥಾನದ ದಿನ. ಇವೆರಡರ ನಡುವಣ ಶನಿವಾರವನ್ನು ಕಥೋಲಿಕರು ಮಧ್ಯಯುಗದಿಂದಲೂ ಯೇಸುವಿನ ತಾಯಿಯ ಸ್ಮರಣೆಗೆ ಮೀಸಲಾಗಿಟ್ಟಿದ್ದಾರೆ. ಮಗನು ಸಮಾಧಿಯಲ್ಲಿದ್ದ ಆ ದಿನ, ಶಿಷ್ಯರೆಲ್ಲರೂ ಎದೆಗುಂದಿರುವಾಗ, ನಂಬಿಕೆಗೆಡದೆ ಇದ್ದವಳು ಆಕೆ ಎಂಬುದೇ ಇದಕ್ಕೆ ಅವರು ಹೇಳುವ ಒಂದು ಕಾರಣ. ಆ ತಾಯಿಯನ್ನು ‘ದೇವಮಾತೆ’ ಎನ್ನುವುದರ ತಾತ್ಪರ್ಯವೇನೆಂಬುದನ್ನು ಇಂದು ಕೊಂಚ ವಿಚಾರಮಾಡೋಣ.

ನಮ್ಮ ನಾಡಿನಲ್ಲಿ ಈ ಮಾತು ತಪ್ಪು ತಿಳಿವಳಿಕೆಗೆ ಎಡೆಗೊಡುವುದು ಸುಲಭ. ಮಾರಿಯಮ್ಮನ ಗುಡಿಗಳು ಹಲವು ಊರುಗಳಲ್ಲಿವೆ. ಮಾರಿಯಮ್ಮನಿಗೂ ಮರಿಯಮ್ಮನಿಗೂ ಕಿವಿಗೆ ಒಂದು ದೀರ್ಘದಷ್ಟೇ ಅಂತರ. ಬೆಂಗಳೂರಿನ ಶಿವಾಜಿನಗರದಲ್ಲಿ ಸೆಪ್ಟೆಂಬರ್ 8ರಂದು ನಡೆಯುವ ಆರೋಗ್ಯಮಾತೆಯ ಉತ್ಸವಕ್ಕೆ ಎಲ್ಲ ಮತದವರೂ ಹರಕೆ ಹೊತ್ತು ಬರುತ್ತಾರೆ. ಭಕ್ತಿಗೆ ಬೇಲಿಯಿಲ್ಲ, ನಿಜ. ಆದರೆ ತತ್ತ್ವವನ್ನು ಹೇಳುವಾಗ ಎಲ್ಲೆಯನ್ನು ಗುರುತಿಸಲೇಬೇಕು. ಮರಿಯಮ್ಮ ದೇವಿಯಲ್ಲ, ನಜರೇತಿನ ಸಾಮಾನ್ಯ ಮನೆಯೊಂದರ ಹೆಣ್ಣುಮಗಳು. ಆರಾಧನೆಯು ದೇವರೊಬ್ಬನಿಗೇ ಸಲ್ಲತಕ್ಕದ್ದು. ಆಕೆಗೆ ಸಲ್ಲುವುದು ಗೌರವ.

ಹಾಗಾದರೆ ಅನಾದಿಯಾದ ದೇವರಿಗೆ ತಾಯಿ ಇರುವುದೆಂತು? ಇದು ಇಂದಿನ ಸಂದೇಹವಲ್ಲ. ಐದನೆಯ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲಿನ ಧರ್ಮಾಧ್ಯಕ್ಷನಾದ ನೆಸ್ಟೋರಿಯಸನು ಆಕೆಯನ್ನು ‘ಕ್ರಿಸ್ತನನ್ನು ಹೆತ್ತವಳು’ ಎಂದರೆ ಸಾಕೆಂದನು. ಅಲೆಕ್ಸಾಂಡ್ರಿಯದ ಸಿರಿಲನು ಅದನ್ನು ಒಪ್ಪಲಿಲ್ಲ. ಯಾವ ತಾಯಿಯೂ ಮಗುವಿನ ಆತ್ಮವನ್ನು ಸೃಷ್ಟಿಸುವುದಿಲ್ಲ. ಆದರೂ ಆಕೆಯನ್ನು ಮಗುವಿನ ದೇಹಕ್ಕೆ ಮಾತ್ರ ತಾಯಿಯೆನ್ನದೆ ಮಗುವಿಗೇ ತಾಯಿಯೆನ್ನುತ್ತೇವಷ್ಟೆ ಎಂಬ ಬಗೆಯದು ಅವನ ವಾದ. 431ರಲ್ಲಿ ಎಫೆಸದಲ್ಲಿ ನೆರೆದ ಮಹಾಸಭೆಯು ಈ ಪಕ್ಷವನ್ನೇ ಎತ್ತಿಹಿಡಿಯಿತು. ದೈವತ್ವವು ಆಕೆಯಿಂದ ಹುಟ್ಟಿತೆಂದು ಇದರ ಅರ್ಥವಲ್ಲ. ಆಕೆ ಹೆತ್ತ ಮಗನು ದೇವರೇ ಎಂಬುದು ಅರ್ಥ. ಆದುದರಿಂದ ದೇವಮಾತೆಯೆಂಬ ಹೆಸರು ತಾಯಿಯನ್ನು ಕೊಂಡಾಡುವುದಕ್ಕಿಂತ ಮೊದಲು ಮಗನು ಯಾರೆಂಬುದನ್ನು ಸಾರುತ್ತದೆ.

ಈ ತತ್ತ್ವವನ್ನು ಕೊಡಗಿನಲ್ಲಿಯೇ ಇನ್ನೊಂದು ರೂಪದಲ್ಲಿ ಕಾಣಬಹುದು. 1784ರಲ್ಲಿ ಟಿಪ್ಪುಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದನು. ಅವರಲ್ಲಿ ತಪ್ಪಿಸಿಕೊಂಡು ಬಂದ ಕೆಲವರಿಗೆ ದೊಡ್ಡ ವೀರರಾಜೇಂದ್ರನು ವಿರಾಜಪೇಟೆಯಲ್ಲಿ ನೆಲೆಯಿತ್ತನು. 1792ರಲ್ಲಿ ಅಲ್ಲಿ ಸಂತ ಅನ್ನಮ್ಮನ ದೇವಾಲಯವು ಸ್ಥಾಪಿತವಾಯಿತು. ಸಂಪ್ರದಾಯದ ಪ್ರಕಾರ ಅನ್ನಮ್ಮ ಮರಿಯಮ್ಮನ ತಾಯಿ. ದೇವರಿಗೆ ತಾಯಿಯುಂಟು, ಆ ತಾಯಿಗೊಬ್ಬ ತಾಯಿಯುಂಟು. ಅವನು ಆಕಾಶದಿಂದ ಸುಮ್ಮನೆ ಇಳಿದವನಲ್ಲ, ಅಜ್ಜಿಯಿರುವ ಮನೆಯೊಂದರಲ್ಲಿ ಹುಟ್ಟಿದವನು. ಮನೆಮಠಗಳನ್ನು ಕಳೆದುಕೊಂಡು ಬಂದವರ ಊರಿನ ದೇವಾಲಯಕ್ಕೆ ಇದಕ್ಕಿಂತ ಒಪ್ಪುವ ಹೆಸರು ಯಾವುದು?

ಆದರೆ ಈ ಬಿರುದಿನಿಂದ ಆ ತಾಯಿಯ ಕಷ್ಟವೇನೂ ಕಡಮೆಯಾಗಲಿಲ್ಲ. ಲೂಕನ ಸುವಾರ್ತೆಯಲ್ಲಿ ಒಂದು ಪ್ರಸಂಗವಿದೆ. ಜೆರೂಸಲೇಮಿನ ಹಬ್ಬ ಮುಗಿಸಿ ಊರಿಗೆ ಹಿಂದಿರುಗುವಾಗ ಹನ್ನೆರಡು ವರ್ಷದ ಮಗನು ಜೊತೆಯಲ್ಲಿಲ್ಲವೆಂಬುದು ತಿಳಿಯುತ್ತದೆ; ಬಂಧುಬಳಗದಲ್ಲಿ ಅರಸಿ, ಮತ್ತೆ ಪಟ್ಟಣಕ್ಕೆ ಮರಳಿ, ಮೂರು ದಿನಗಳ ಮೇಲೆ ದೇವಾಲಯದಲ್ಲಿ ಅವನನ್ನು ಕಾಣುತ್ತಾರೆ. ಸಂತೆಯ ಜನಜಂಗುಳಿಯಲ್ಲಿ ಮಗುವಿನ ಕೈ ಬಿಟ್ಟುಹೋದ ತಾಯಿಯ ಮುಖವನ್ನು ಕಂಡವರಿಗೆ ಈ ಕಥೆಗೆ ವ್ಯಾಖ್ಯಾನ ಬೇಡ. ಅವನು ಕೊಟ್ಟ ಉತ್ತರವೂ ಆಗ ಆಕೆಗೆ ತಿಳಿಯಲಿಲ್ಲವೆಂದು ಸುವಾರ್ತೆಯೇ ಹೇಳುತ್ತದೆ. ತಿಳಿಯದುದನ್ನು ಆಕೆ ತಳ್ಳಿಬಿಡಲಿಲ್ಲ; ಮನಸ್ಸಿನಲ್ಲಿ ಇಟ್ಟುಕೊಂಡಳು. ಮುಂದೆ ಶಿಲುಬೆಯ ಬಳಿಯಲ್ಲಿಯೂ ನಿಂತಳು.

ದೇವಮಾತೆಯ ಹಿರಿಮೆ ಇರುವುದು ಇಲ್ಲಿಯೇ ಎಂದು ನನ್ನ ಭಾವನೆ. ಶುಕ್ರವಾರದ ದುಃಖವೂ ಭಾನುವಾರದ ಆನಂದವೂ ನಮ್ಮ ಬಾಳಿನಲ್ಲಿ ಎಲ್ಲೋ ಕೆಲವು ದಿನ. ಉಳಿದುದೆಲ್ಲ ಕಾಯುವ ಶನಿವಾರ. ಅದನ್ನು ಹೇಗೆ ಕಳೆಯಬೇಕೆಂಬುದನ್ನು ಆಕೆ ಉಪದೇಶಿಸಲಿಲ್ಲ, ಬಾಳಿ ತೋರಿಸಿದಳು.