ಕಾಣದ ಬೆಳಕನ್ನು ಅಳೆಯುವ ಮೀಟರು: ಯಾವುದನ್ನು ಕೊಳ್ಳಬೇಕು?

(ಕಂಬೈನಲ್ಲೂರಿನಲ್ಲಿ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಆಡಿದ ಮಾತುಗಳು)



ಕಾಫಿ ಹಣ್ಣಿನ ಮೂಟೆ ತಕ್ಕಡಿಗೆ ಏರುವಾಗ ಮುಳ್ಳು ಎಲ್ಲಿ ನಿಂತಿತೆಂದು ನೋಡದೆ ಮನೆಗೆ ಹೋಗುವವರು ನಮ್ಮಲ್ಲಿ ಯಾರೂ ಇಲ್ಲ. ಆದರೆ ತೋಟ ಬಿಟ್ಟು ಕೇಬಲ್ ಕೆಲಸಕ್ಕೆ ಇಳಿದಿರುವ ನಮ್ಮ ಮಕ್ಕಳು ಅಳತೆಯನ್ನು ಪೂರ್ತಿಯಾಗಿ ಇನ್ನೊಬ್ಬರ ಕೈಗೆ ಬಿಟ್ಟಿದ್ದಾರೆ. ಆದುದರಿಂದ ಈ ದಿನ ಆ ವಿಷಯವನ್ನೇ ತೆಗೆದುಕೊಂಡಿದ್ದೇವೆ.

2011ರಲ್ಲಿ ಕೇಂದ್ರ ಸರ್ಕಾರ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ತಂತಿ ಎಳೆಯುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದೇ ಮುಂದೆ ಭಾರತ್‌ನೆಟ್ ಎಂಬ ಹೆಸರು ಪಡೆಯಿತು. ತಮಿಳುನಾಡು ಸರ್ಕಾರ 2018ರಲ್ಲಿ ಇದಕ್ಕೆಂದೇ ಒಂದು ಕಾರ್ಪೊರೇಷನ್ ಸ್ಥಾಪಿಸಿ 12,525 ಗ್ರಾಮ ಪಂಚಾಯಿತಿಗಳನ್ನು ಜೋಡಿಸುವ ಗುರಿ ಇಟ್ಟುಕೊಂಡಿತು. ಕಂಬೈನಲ್ಲೂರಿನ ಸುತ್ತಿನ ಹಳ್ಳಿಗಳೂ ಏರ್ಕಾಡು ಬೆಟ್ಟದ ಹಳ್ಳಿಗಳೂ ಆ ಲೆಕ್ಕದೊಳಗೆ ಬಂದವು. ಇದಲ್ಲದೆ ಖಾಸಗಿ ಕಂಪೆನಿಗಳ ತಂತಿಗಳು ಮನೆಮನೆಗೂ ಬರುತ್ತಿವೆ. ಕಂಬ ಹತ್ತುವವರು, ತಂತಿ ಬೆಸೆಯುವವರು ಬಹುಮಟ್ಟಿಗೆ ದಿನಗೂಲಿಯ ಹುಡುಗರು. ಬೆಸುಗೆ ಸರಿಯಿಲ್ಲವೆಂದು ಗುತ್ತಿಗೆದಾರ ಹೇಳಿದರೆ ಕೂಲಿ ಹಿಡಿಯುತ್ತಾನೆ. ತಪ್ಪು ಈ ಹುಡುಗನ ಬೆಸುಗೆಯದೋ, ಹಿಂದಿನ ಕಂಬದಲ್ಲಿ ಮಡಿಚಿಕೊಂಡ ತಂತಿಯದೋ ಎಂದು ಹೇಳಬಲ್ಲದ್ದು ಅಳತೆಯೊಂದೇ.

ಫೈಬರ್ ಎಂದರೆ ಗಾಜಿನ ಎಳೆ. ಅದರ ದಪ್ಪ 125 ಮೈಕ್ರಾನ್, ಸುಮಾರು ನಮ್ಮ ತಲೆಗೂದಲಷ್ಟು. ಬೆಳಕು ಹರಿಯುವ ಒಳತಿರುಳು ಸುಮಾರು 9 ಮೈಕ್ರಾನ್ ಮಾತ್ರ. ಈ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಇದರ ಬಲವನ್ನು ಡಿ.ಬಿ.ಎಂ. ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಮಿಲಿವಾಟ್ ಬೆಳಕಿಗೆ ಸೊನ್ನೆ ಎಂದು ಹೆಸರು. ಅದರ ಹತ್ತನೇ ಒಂದು ಪಾಲು ಮೈನಸ್ 10, ನೂರನೇ ಒಂದು ಪಾಲು ಮೈನಸ್ 20. ಮೂರು ಡಿ.ಬಿ. ಇಳಿದರೆ ಬೆಳಕು ಅರ್ಧವಾಯಿತೆಂದು ತಿಳಿಯಬೇಕು. ಇಷ್ಟನ್ನು ನೆನಪಿನಲ್ಲಿಟ್ಟರೆ ಸಾಕು.

ಒಂದು ಲೆಕ್ಕ ನೋಡೋಣ. ಕಚೇರಿಯ ಯಂತ್ರದಿಂದ ಬೆಳಕು ಪ್ಲಸ್ 3ರಲ್ಲಿ ಹೊರಟಿತು ಎನ್ನಿ. ಐದು ಕಿಲೋಮೀಟರ್ ತಂತಿಯಲ್ಲಿ, ಕಿಲೋಮೀಟರಿಗೆ 0.3ರಂತೆ, ಒಂದೂವರೆ ಡಿ.ಬಿ. ಕಳೆಯಿತು. ಒಂದು ತಂತಿಯನ್ನು 32 ಮನೆಗಳಿಗೆ ಹಂಚುವ ಸ್ಪ್ಲಿಟರಿನಲ್ಲಿ ಸುಮಾರು 17 ಹೋಯಿತು. ಬೆಸುಗೆ, ಕನೆಕ್ಟರುಗಳಿಗೆ 2 ಬಿಡಿ. ಮನೆಯಲ್ಲಿ ಮೈನಸ್ 17.5 ಸಿಗಬೇಕು. ಸಾಮಾನ್ಯವಾಗಿ ಬಳಕೆಯಲ್ಲಿರುವ ಜಿಪಾನ್ ಬಿ ಪ್ಲಸ್ ಮಾದರಿಯ ಪೆಟ್ಟಿಗೆಗಳು ಮೈನಸ್ 8ರಿಂದ ಮೈನಸ್ 27ರವರೆಗೆ ಕೆಲಸ ಮಾಡುತ್ತವೆ. ಮೀಟರಿನಲ್ಲಿ ಮೈನಸ್ 29 ಬಂದರೆ ದಾರಿಯಲ್ಲೆಲ್ಲೋ ಹನ್ನೊಂದೂವರೆ ಡಿ.ಬಿ. ಸೋರಿದೆ ಎಂದರ್ಥ. ಒಳ್ಳೆಯ ಬೆಸುಗೆಯಲ್ಲಿ ಹೋಗುವುದು 0.1ಕ್ಕಿಂತ ಕಡಿಮೆ. ಹೀಗಿರುವಲ್ಲಿ ಸ್ಪ್ಲಿಟರಿನ ಮುಂದೆ, ಹಿಂದೆ, ಮನೆಯಲ್ಲಿ ಎಂದು ಮೂರು ಕಡೆ ಅಳೆದರೆ ಸೋರಿಕೆ ಯಾವ ತುಂಡಿನಲ್ಲಿದೆ ಎಂದು ತಿಳಿಯುತ್ತದೆ.

ಹಾಗಾದರೆ ಯಾವ ಮೀಟರು ಕೊಳ್ಳಬೇಕು? ಮೊದಲನೆಯದಾಗಿ, ಅದು 1310, 1490, 1550 ನ್ಯಾನೋಮೀಟರ್ ಅಲೆಗಳನ್ನು ಅಳೆಯಬೇಕು. ಮನೆಗೆ ಬರುವ ಬೆಳಕು 1490ರದು, ಮನೆಯಿಂದ ಹೋಗುವುದು 1310ರದು. ಕೆಲವು ಅಗ್ಗದ ಮೀಟರುಗಳಲ್ಲಿ 1490 ಇರುವುದಿಲ್ಲ. ಅಂಥದನ್ನು ಬಿಟ್ಟುಬಿಡಿ. ಒಳಗಿನ ಬೆಳಕು ಹಿಡಿಯುವ ಕಣ್ಣು ಇಂಡಿಯಂ ಗ್ಯಾಲಿಯಂ ಆರ್ಸೆನೈಡ್‌ನದೇ ಎಂದು ಕೇಳಿ. ಬರಿಯ ಸಿಲಿಕಾನ್ ಕಣ್ಣು ಈ ಅಲೆಗಳಿಗೆ ಕುರುಡು.

ಎರಡನೆಯದಾಗಿ, ಅಳತೆಯ ವ್ಯಾಪ್ತಿ. ಮನೆ ಜೋಡಣೆಗೆ ಮೈನಸ್ 70ರಿಂದ ಪ್ಲಸ್ 10ರವರೆಗಿನದು ಸಾಕು. ಕೇಬಲ್ ಟಿ.ವಿ.ಯವರ ಆಂಪ್ಲಿಫೈಯರ್ ಬಳಿ ಕೆಲಸವಿದ್ದರೆ ಮೈನಸ್ 50ರಿಂದ ಪ್ಲಸ್ 26ರವರೆಗಿನದು ಬೇಕು. ಅಲ್ಲಿ ಬೆಳಕು ಪ್ಲಸ್ 10ನ್ನು ಮೀರಬಹುದು.

ಮೂರನೆಯದಾಗಿ, ಒಂದೇ ತಂತಿಯಲ್ಲಿ ಇಂಟರ್ನೆಟ್ಟೂ ಟಿ.ವಿ.ಯೂ ಬರುವಲ್ಲಿ ಸಾಧಾರಣ ಮೀಟರು ಎರಡು ಬೆಳಕನ್ನೂ ಕೂಡಿಸಿ ತೋರಿಸಿ ಮೋಸಗೊಳಿಸುತ್ತದೆ. ಮನೆಯ ಪೆಟ್ಟಿಗೆ ಹೊರಗೆ ಕಳಿಸುವ ಬೆಳಕೂ ಬಿಟ್ಟುಬಿಟ್ಟು ಬರುವುದರಿಂದ ಅದಕ್ಕೆ ಸರಿಯಾಗಿ ಸಿಕ್ಕುವುದಿಲ್ಲ. ಇವುಗಳಿಗೆ ತಂತಿಯ ನಡುವೆ ಜೋಡಿಸುವ ಪಾನ್ ಮೀಟರು ಬೇಕು. ಬೆಲೆ ಹೆಚ್ಚು. ಅಂಥ ಕೆಲಸ ಸಿಕ್ಕಮೇಲೆ ಕೊಂಡರಾಯಿತು.

ಸಾಧಾರಣ ಮೀಟರು ಕೆಲವು ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಅದರ ಜೊತೆಗೆ ಕನೆಕ್ಟರ್ ಒರೆಸುವ ಸಾಮಾನು ಮರೆಯಬೇಡಿ. ಕನೆಕ್ಟರಿನ ತುದಿಯ ಒಂದು ಧೂಳಿನ ಕಣ ಬೆಳಕನ್ನು ತಡೆದು ಒಳ್ಳೆಯ ಬೆಸುಗೆಯನ್ನೂ ಕೆಟ್ಟದ್ದೆಂದು ತೋರಿಸಬಲ್ಲದು. ಒರೆಸಿದ ಮೇಲೆಯೇ ಅಳೆಯಿರಿ. ಹಸಿರು ಕನೆಕ್ಟರಿಗೆ ಹಸಿರು, ನೀಲಿಗೆ ನೀಲಿ. ಬೆರೆಸಬೇಡಿ.

ಓ.ಟಿ.ಡಿ.ಆರ್. ಎಂಬ ದೊಡ್ಡ ಯಂತ್ರವಿದೆ. ಅದು ತಂತಿಯೊಳಗೆ ಬೆಳಕಿನ ತುಣುಕು ಕಳಿಸಿ, ಮರಳಿ ಬರುವ ಬೆಳಕನ್ನು ನೋಡಿ, ದೋಷ ಎಷ್ಟು ಮೀಟರ್ ದೂರದಲ್ಲಿದೆ ಎಂದು ಹೇಳುತ್ತದೆ. ಇದನ್ನು ಒಬ್ಬನೇ ಸಾಲ ಮಾಡಿ ಕೊಳ್ಳುವುದು ನಮ್ಮ ಮನೆಗಳಿಗೆ ಆಗದ ಮಾತು. ಐದಾರು ಹುಡುಗರು ಕೂಡಿ ಒಂದನ್ನು ಕೊಳ್ಳಲಿ, ಇಲ್ಲವೇ ದಿನಬಾಡಿಗೆಗೆ ತರಲಿ. ಸಂಬಳ ಕೊಡುವವರೇ ಇಂಥ ಯಂತ್ರವನ್ನು ಒದಗಿಸಬೇಕೆಂದು ಒಟ್ಟಾಗಿ ಕೇಳುವುದೂ ನ್ಯಾಯವೇ. ಕೊಳ್ಳುವಾಗ ಎರಡು ಮಾತು ನೆನಪಿರಲಿ. ಯಂತ್ರದ ಬುಡದ ಕೆಲವು ಮೀಟರುಗಳು ಅದಕ್ಕೆ ಕಾಣುವುದಿಲ್ಲ, ಆದುದರಿಂದ ಮುಂದೆ ಒಂದು ಸುರುಳಿ ತಂತಿ ಸೇರಿಸಿ ಅಳೆಯಬೇಕು. ಬೆಳಕು ಹರಿಯುತ್ತಿರುವ ತಂತಿಗೆ ಸಾಧಾರಣ ಓ.ಟಿ.ಡಿ.ಆರ್. ಹಾಕಕೂಡದು. ಅದಕ್ಕೆ 1625 ಅಥವಾ 1650ರ, ಫಿಲ್ಟರ್ ಇರುವ ಯಂತ್ರವೇ ಆಗಬೇಕು.

ಅಂಗಡಿಯ ತಕ್ಕಡಿಗೆ ಕಾಲಕಾಲಕ್ಕೆ ಸರ್ಕಾರದ ಮುದ್ರೆ ಬೀಳುವಂತೆ ಮೀಟರಿಗೂ ಕ್ಯಾಲಿಬ್ರೇಷನ್ ಬೇಕು, ವರ್ಷಕ್ಕೊಮ್ಮೆಯಾದರೂ. ಆ ಪತ್ರವಿಲ್ಲದ ಅಂಕಿಯನ್ನು ಗುತ್ತಿಗೆದಾರ ಒಪ್ಪಬೇಕಾಗಿಲ್ಲ. ಕೊಳ್ಳುವಾಗಲೇ ಪತ್ರ ಕೇಳಿ. ನಡುವೆ, ಸರಿಯೆಂದು ಗೊತ್ತಿರುವ ಇನ್ನೊಂದು ಮೀಟರಿನ ಜೊತೆ ಒಂದೇ ತಂತಿಯಲ್ಲಿ ಹೋಲಿಸಿ ನೋಡಿ.

ತಾಯಂದಿರಿಗೆ ಎರಡು ಮಾತು. ಕಾಣದ ಬೆಳಕು ಕಣ್ಣು ಮಿಟುಕಿಸಲೂ ಎಚ್ಚರಿಸದೆ ಕಣ್ಣನ್ನು ಕೆಡಿಸಬಲ್ಲದು. ತಂತಿಯ ತುದಿಯನ್ನು ಕಣ್ಣಿಗೆ ಹಿಡಿದು ನೋಡುವ ಚಾಳಿಯನ್ನು ಮಕ್ಕಳಿಗೆ ಬಿಡಿಸಿರಿ. ತಂತಿ ಎಲ್ಲಿ ಮುರಿದಿದೆ ಎಂದು ನೋಡುವ ಕೆಂಪು ದೀಪದ ಪೆನ್ನೂ ಆಟದ ಸಾಮಾನಲ್ಲ. ಕತ್ತರಿಸಿದ ಗಾಜಿನ ಚೂರುಗಳನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಲಿ, ಕೈ ತೊಳೆಯದೆ ಊಟಕ್ಕೆ ಕೂರದಿರಲಿ. ಚರ್ಮಕ್ಕೆ ಹೊಕ್ಕ ಚೂರನ್ನು ಹುಡುಕಿ ತೆಗೆಯುವುದು ಬಹಳ ಕಷ್ಟ.

ಕೊನೆಯದಾಗಿ, ಮೀಟರಿನ ಜೊತೆ ಒಂದು ನೋಟ್‌ಬುಕ್ಕೂ ಇರಲಿ. ದಿನಾಂಕ, ಕಂಬದ ಸಂಖ್ಯೆ, ಅಲೆ, ಬಂದ ಅಂಕಿ, ಅಳೆದವನ ಸಹಿ: ಇಷ್ಟನ್ನು ಕೆಲಸ ಮುಗಿದ ಕೂಡಲೆ ಬರೆಯಲಿ, ಗುತ್ತಿಗೆದಾರನ ಮೇಸ್ತ್ರಿಯ ಸಹಿಯನ್ನೂ ಪಡೆಯಲಿ. ನಾಳೆ ಯಾರಾದರೂ ಕೂಲಿ ಹಿಡಿದರೆ, ಕೈಮುಗಿದು ಬೇಡಿಕೊಳ್ಳುವ ಬದಲು ಆ ಪುಟವನ್ನು ತೆರೆದು ತೋರಿಸಬಹುದು. ಸಂಘದವರಾದ ನಾವು ಅವನ ಪರವಾಗಿ ಮಾತನಾಡಲು ಹೋಗುವಾಗ ನಮ್ಮ ಕೈಯಲ್ಲಿ ಇರಬೇಕಾದ್ದೂ ಅದೇ ಪುಟ.